ಅದೇ 64 ಕೋಶ, ಐದು ಜೋಡಣೆ: 16×16 ಎಲ್‌ಇಡಿ ಫಲಕದಲ್ಲಿ ಹೃದಯದ ಪೇಸ್‌ಮೇಕರ್ ಮಾದರಿ

ಹಾಸನದ ಕಡೆ ಪೇಸ್‌ಮೇಕರ್ ಅಂದರೆ ಎದೆಯ ಚರ್ಮದ ಕೆಳಗೆ ಕೂರಿಸುವ ಬ್ಯಾಟರಿ ಸಾಧನ ಎಂದೇ ಜನ ತಿಳಿದಿರುವುದು. ಹುಟ್ಟಿನಿಂದಲೇ ಎಲ್ಲರ ಎದೆಯಲ್ಲೂ ಒಂದು ಪೇಸ್‌ಮೇಕರ್ ಇದೆ, ಅದು ಬಲ ಹೃತ್ಕರ್ಣದ (ಹೃದಯದ ಬಲ ಮೇಲುಕೋಣೆಯ) ಗೋಡೆಯಲ್ಲಿ, ಮೇಲಿನ ಮಹಾಸಿರೆ ಬಂದು ಸೇರುವ ಜಾಗದ ಹತ್ತಿರ ಇರುವ ಪುಟ್ಟ ಅಂಗಾಂಶ, ಹೆಸರು ಸೈನೋಏಟ್ರಿಯಲ್ ನೋಡ್. ಕೀತ್ ಮತ್ತು ಫ್ಲ್ಯಾಕ್ ಅದನ್ನು 1907ರಲ್ಲಿ ವಿವರಿಸಿದರು. ಅಲ್ಲಿನ ಕೋಶಗಳಿಗೆ ಸ್ಥಿರವಾದ ವಿಶ್ರಾಂತ ಸ್ಥಿತಿಯೇ ಇಲ್ಲ. ಸುಮಾರು −60 ಮಿಲಿವೋಲ್ಟ್‌ಗೆ ಇಳಿದ ಕೂಡಲೇ ತಾವಾಗಿಯೇ ಮೆಲ್ಲಗೆ ಏರತೊಡಗಿ ಮತ್ತೆ ಸಿಡಿಯುತ್ತವೆ. ಸುತ್ತಲಿನ ಹೃತ್ಕರ್ಣದ ಕೋಶಗಳು ಹಾಗಲ್ಲ. −80ರ ಆಸುಪಾಸಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಯಾರಾದರೂ ತಟ್ಟಿದರೆ ಮಾತ್ರ ಏಳುತ್ತವೆ. ಎರಡು ಬಗೆಯ ಕೋಶಗಳ ನಡುವೆ ಗ್ಯಾಪ್ ಜಂಕ್ಷನ್ ಎಂಬ ಕೊಂಡಿಗಳಿವೆ. ಆ ಕೊಂಡಿಗಳ ಮೂಲಕ ಪೇಸ್‌ಮೇಕರ್ ಕೋಶ ನೆರೆಯವರನ್ನು ಮೇಲಕ್ಕೆ ಎಳೆಯುತ್ತದೆ, ನೆರೆಯವರು ಅದನ್ನು ಕೆಳಕ್ಕೆ ಎಳೆಯುತ್ತಾರೆ. ಈ ಜಗ್ಗಾಟದಲ್ಲಿ ಗೆಲ್ಲುವವರು ಯಾರು ಎಂಬುದನ್ನು ಪೇಸ್‌ಮೇಕರ್ ಕೋಶಗಳ ಸಂಖ್ಯೆಗಿಂತ ಅವುಗಳನ್ನು ಜೋಡಿಸಿದ ರೀತಿ ಹೆಚ್ಚು ನಿರ್ಧರಿಸುತ್ತದೆ. ಕೆಳಗಿನ ಫಲಕ ಅದನ್ನು ಕಣ್ಣಿಗೆ ತೋರಿಸಲಿಕ್ಕೆ.

ಕಾಲೇಜಿನ ಶರೀರಕ್ರಿಯಾಶಾಸ್ತ್ರದ ತರಗತಿಗೂ ವಿಜ್ಞಾನ ವಸ್ತುಪ್ರದರ್ಶನಕ್ಕೂ ಹೊಂದುವ ಗಾತ್ರ ಇದು. ಒಂದು ಎಲ್‌ಇಡಿ ಅಂದರೆ ಒಂದು ಕೋಶ. ಲೆಕ್ಕ ಮಾಡುವುದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು.

ಸಾಮಾನು

ಡಬ್ಲ್ಯುಎಸ್2812ಬಿ ಎಲ್‌ಇಡಿಗಳ 16×16 ಬಾಗುವ ಫಲಕ ಒಂದು (160 ಮಿ.ಮೀ ಚೌಕ, ಎಲ್‌ಇಡಿಗಳ ನಡುವೆ 10 ಮಿ.ಮೀ). ಇಎಸ್‌ಪಿ32 ಡೆವ್‌ಕಿಟ್, 5 ವೋಲ್ಟ್ 4 ಆಂಪಿಯರ್ ಅಡಾಪ್ಟರ್, ಬೋರ್ಡಿನ 3.3 ವೋಲ್ಟ್ ಸಂಕೇತವನ್ನು 5 ವೋಲ್ಟ್‌ಗೆ ಏರಿಸಲು 74ಎಎಚ್‌ಸಿಟಿ125 ಐಸಿ, 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪ್ಯಾಸಿಟರ್, 330 ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಒಂದೊಂದು, 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ ಎರಡು, ಒತ್ತುಗುಂಡಿ ಎರಡು, 5 ವೋಲ್ಟ್ ಬಜರ್, ಬಿಸಿ547 ಟ್ರಾನ್ಸಿಸ್ಟರ್. ಫಲಕ ಮತ್ತು ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕು. ಮಿಕ್ಕಿದ್ದು ಟೀವಿ ರಿಪೇರಿ ಅಂಗಡಿಗಳಲ್ಲೇ ಸಿಗುವಂಥದ್ದು. ಮುಂದೆ ಹಾಕಲು 3 ಮಿ.ಮೀ ಹಾಲುಬಿಳಿ ಅಕ್ರಿಲಿಕ್ ಬೇಕು, ನೇಮ್‌ಬೋರ್ಡ್ ಮಾಡುವವರ ಬಳಿ ಕತ್ತರಿಸಿ ಉಳಿದ ತುಂಡು ಸಾಕಾಗುತ್ತದೆ. ಪೆಟ್ಟಿಗೆಗೆ 6 ಮಿ.ಮೀ ಪ್ಲೈವುಡ್.

ಐಸಿ ಕೊಳ್ಳುವಾಗ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಿ. 74ಎಚ್‌ಸಿ125 ಕೊಟ್ಟು ಎರಡೂ ಒಂದೇ ಅನ್ನುವುದುಂಟು. ಈ ಕೆಲಸಕ್ಕೆ ಎರಡೂ ಒಂದೇ ಅಲ್ಲ. 5 ವೋಲ್ಟ್‌ನಲ್ಲಿ ಓಡುವ ಡಬ್ಲ್ಯುಎಸ್2812ಬಿ, ಡೇಟಾ ತಂತಿಯಲ್ಲಿ 3.5 ವೋಲ್ಟ್ ದಾಟಿದ್ದನ್ನು ಮಾತ್ರ ಖಚಿತವಾಗಿ ‘ಒಂದು’ ಎಂದು ಓದುತ್ತದೆ. ಇಎಸ್‌ಪಿ32 ಕೊಡುವುದು 3.3. ಎಚ್‌ಸಿ ಐಸಿಗೂ ಅದೇ 3.5ರ ಗಡಿ, ಆದ್ದರಿಂದ ಅದನ್ನು ನಡುವೆ ಇಟ್ಟರೂ ಪ್ರಯೋಜನವಿಲ್ಲ. ಎಎಚ್‌ಸಿಟಿಗೆ 2 ವೋಲ್ಟ್ ಸಾಕು. ಐಸಿ ಸಿಗಲೇ ಇಲ್ಲವೆಂದರೆ ಬಿಡಿ ಡಬ್ಲ್ಯುಎಸ್2812ಬಿ ಎಲ್‌ಇಡಿ ಒಂದನ್ನು ಫಲಕದ ಮುಂಚೆ ಸೇರಿಸಿ, ಅದರ 5 ವೋಲ್ಟನ್ನು 1ಎನ್4007 ಡಯೋಡ್ ಮೂಲಕ ಕೊಡಿ. ಡಯೋಡ್ ಸುಮಾರು 0.7 ವೋಲ್ಟ್ ತಿನ್ನುವುದರಿಂದ ಆ ಎಲ್‌ಇಡಿಯ ಗಡಿ 3 ವೋಲ್ಟ್‌ಗೆ ಇಳಿಯುತ್ತದೆ. ಅದು ಮುಂದಕ್ಕೆ ದಾಟಿಸುವ 4.3 ವೋಲ್ಟ್ ಸಂಕೇತ ಫಲಕಕ್ಕೆ ಧಾರಾಳ. ಆ ಒಂದು ಎಲ್‌ಇಡಿಯನ್ನು ಸದಾ ಆರಿಸಿಡಿ, ಕೋಶಗಳ ಲೆಕ್ಕಕ್ಕೆ ಸೇರಿಸಬೇಡಿ.

ತಂತಿ

ಅಡಾಪ್ಟರಿನ 5 ವೋಲ್ಟನ್ನು ಫಲಕದ ಎರಡೂ ತುದಿಗೆ ಕೊಡಿ. ಒಂದೇ ತುದಿಗೆ ಕೊಟ್ಟರೆ ದೂರದ ಸಾಲುಗಳು ಕೆಂಪಗಾಗುತ್ತವೆ: ವೋಲ್ಟೇಜ್ ಇಳಿದಾಗ ಮೊದಲು ಸೋಲುವುದು ನೀಲಿ. ಕೆಪ್ಯಾಸಿಟರ್ ಫಲಕದ ಕರೆಂಟು ತಂತಿಯ ಬುಡದಲ್ಲಿರಲಿ, 330 ಓಮ್ ಡೇಟಾ ತಂತಿಯಲ್ಲಿ. ಬೋರ್ಡು, ಐಸಿ, ಫಲಕ ಮೂರರ ಗ್ರೌಂಡ್ ಒಂದಾಗಿರಬೇಕು; ಇದು ತಪ್ಪಿದರೆ ಫಲಕ ಸುಮ್ಮನೆ ಬಣ್ಣಬಣ್ಣವಾಗಿ ಮಿನುಗುತ್ತದೆ, ದೋಷ ಪ್ರೋಗ್ರಾಮಿನಲ್ಲಿದೆ ಎಂದು ದಿನವಿಡೀ ಹುಡುಕುವಂತಾಗುತ್ತದೆ.

ಡೇಟಾಕ್ಕೆ ಬೋರ್ಡಿನ ಜಿಪಿಐಒ 18 ಎಂಬ ಪಿನ್ನು. ಪೊಟೆನ್ಶಿಯೋಮೀಟರುಗಳಿಗೆ 34 ಮತ್ತು 35: ಎರಡೂ ಮೊದಲ ಎಡಿಸಿಯಲ್ಲಿವೆ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ), ವೈಫೈ ಹಾಕಿದರೂ ಕೆಲಸ ಮಾಡುತ್ತವೆ. ಗುಂಡಿಗಳಿಗೆ 32 ಮತ್ತು 33. ಗುಂಡಿಯನ್ನು 34ರಿಂದ 39ರ ನಡುವೆ ಹಾಕಬೇಡಿ, ಅವುಗಳಿಗೆ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲಿಡುವ ರೆಸಿಸ್ಟರ್) ಇಲ್ಲ. 12ನೆಯ ಪಿನ್ನಿನ ತಂಟೆಗೇ ಹೋಗಬೇಡಿ, ಬೂಟ್ ಆಗುವಾಗ ಅದರ ವೋಲ್ಟೇಜ್ ಮೇಲಿದ್ದರೆ ಬೋರ್ಡು ಏಳುವುದಿಲ್ಲ. ಬಜರನ್ನು ನೇರ ಪಿನ್ನಿಗೆ ಕಟ್ಟದೆ 1 ಕಿಲೋ ಓಮ್ ಮತ್ತು ಬಿಸಿ547 ಮೂಲಕ ಓಡಿಸಿ.

ಪೂರ್ತಿ ಬಿಳಿಯಲ್ಲಿ ಒಂದು ಎಲ್‌ಇಡಿ 60 ಮಿಲಿಆಂಪಿಯರ್ ಎಳೆಯುತ್ತದೆ, 256ಕ್ಕೆ 15 ಆಂಪಿಯರ್ ದಾಟುತ್ತದೆ. ಅಷ್ಟು ಬೆಳಕು ಯಾರಿಗೂ ಬೇಡ. ಫಾಸ್ಟ್‌ಎಲ್‌ಇಡಿ ಲೈಬ್ರರಿಯಲ್ಲಿ ಗರಿಷ್ಠ ವಿದ್ಯುತ್ತನ್ನು 5 ವೋಲ್ಟ್, 2000 ಮಿಲಿಆಂಪಿಯರ್‌ಗೆ ಕಟ್ಟಿಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಮಾಡುವಾಗ ಬೋರ್ಡು ಪದೇಪದೇ ರೀಸೆಟ್ ಆಗುತ್ತಿದ್ದರೆ, ಶುರುವಿನಲ್ಲಿ ಬೆಳಕನ್ನು ಒಂದು ಸೆಕೆಂಡ್ ತಡೆದು ಆಮೇಲೆ ಏರಿಸಿ. ಸಕಲೇಶಪುರದ ಕಡೆ ಒಯ್ಯುವುದಾದರೆ ಜಂಪರ್ ತಂತಿಯನ್ನು ನಂಬಬೇಡಿ, ತೇವಕ್ಕೆ ಪಿನ್ನು ಕಪ್ಪಾಗಿ ಸಂಪರ್ಕ ಬಿಡುತ್ತದೆ. ಬೆಸುಗೆಯೇ ಸರಿ.

ಈ ಫಲಕಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಸಾಗುತ್ತದೆ. ಸಾಲುಗಳನ್ನು 0ಯಿಂದ ಎಣಿಸಿದರೆ, ಬೆಸಸಂಖ್ಯೆಯ ಸಾಲಿನಲ್ಲಿ ಎಲ್‌ಇಡಿ ಸಂಖ್ಯೆ = ಸಾಲು × 16 + (15 − ಕಂಬ). ಇದನ್ನು ಮರೆತರೆ ದುಂಡಗಿನ ಅಲೆ ಬಾಚಣಿಗೆಯ ಹಲ್ಲುಗಳಾಗಿ ಒಡೆದು ಕಾಣುತ್ತದೆ.

ಕೋಶದೊಳಗಿನ ಲೆಕ್ಕ

ವಾನ್ ಡೆರ್ ಪೋಲ್ ಮತ್ತು ವಾನ್ ಡೆರ್ ಮಾರ್ಕ್ 1928ರಲ್ಲೇ ಹೃದಯದ ಬಡಿತಕ್ಕೆ ವಿದ್ಯುತ್ ಮಂಡಲದ ಮಾದರಿ ಕಟ್ಟಿದ್ದರು. ಇಲ್ಲಿ ಬಳಸುವುದು ಅದೇ ವಂಶದ, ಫಿಟ್ಜ್‌ಹ್ಯೂ 1961ರಲ್ಲಿ, ನಗುಮೊ ಮತ್ತು ಸಂಗಡಿಗರು 1962ರಲ್ಲಿ ಕೊಟ್ಟ ಸಮೀಕರಣ. ಪ್ರತಿ ಕೋಶಕ್ಕೆ ಎರಡೇ ಸಂಖ್ಯೆ: ‘ವ’ ಅಂದರೆ ವೋಲ್ಟೇಜ್, ‘ಚ’ ಅಂದರೆ ನಿಧಾನದ ಚೇತರಿಕೆ.

ವ ಬದಲಾಗುವ ದರ = ವ − ವ³/3 − ಚ + ಪ್ರ + ಕೊ × (ನಾಲ್ಕು ನೆರೆಯವರ ವ ಮೊತ್ತ − 4ವ)
ಚ ಬದಲಾಗುವ ದರ = 0.08 × (ವ + 0.7 − 0.8ಚ)

‘ಪ್ರ’ ಕೋಶದ ಒಳಪ್ರವಾಹ, ‘ಕೊ’ ಕೊಂಡಿಯ ಬಲ. ಪ್ರ ಸೊನ್ನೆಯಾದರೆ ಕೋಶ ವ = −1.20, ಚ = −0.62ರಲ್ಲಿ ಸುಮ್ಮನೆ ಕೂರುತ್ತದೆ. ತಟ್ಟಿದರೆ ಒಮ್ಮೆ ಸಿಡಿದು ಮತ್ತೆ ಕೂರುತ್ತದೆ. ಪ್ರ 0.33 ದಾಟಿದರೆ ತಾನೇ ಬಡಿಯತೊಡಗುತ್ತದೆ. 1.42 ದಾಟಿದರೆ ಮತ್ತೆ ನಿಲ್ಲುತ್ತದೆ, ಈ ಸಲ ಮೇಲೆ ಸಿಕ್ಕಿಹಾಕಿಕೊಂಡು. ಸುತ್ತಲಿನ ಸ್ನಾಯುಕೋಶಗಳಿಗೆ ಪ್ರ = 0, ಪೇಸ್‌ಮೇಕರ್‌ಗೆ ಪ್ರ = 0.8 ಇಡಿ. ಇವು ಮಿಲಿವೋಲ್ಟೂ ಅಲ್ಲ, ಮಿಲಿಸೆಕೆಂಡೂ ಅಲ್ಲ. ಮಾದರಿ ಸರಳ, ಅಯಾನು ಕಾಲುವೆಗಳ ವಿವರ ಇದರಲ್ಲಿಲ್ಲ. ಜಗ್ಗಾಟ ಮಾತ್ರ ನಿಜದ್ದೇ.

ಕಾಲದ ಹೆಜ್ಜೆ 0.05. ಸೆಕೆಂಡಿಗೆ 40 ಚಿತ್ರ, ಚಿತ್ರವೊಂದಕ್ಕೆ 20 ಹೆಜ್ಜೆ. ಅಂದರೆ ಸೆಕೆಂಡಿಗೆ ಮಾದರಿಯ ಕಾಲದ 40 ಏಕಮಾನ. ಒಂಟಿ ಕೋಶದ ಒಂದು ಬಡಿತಕ್ಕೆ 40ರ ಆಸುಪಾಸು ಏಕಮಾನ ಬೇಕಾಗುವುದರಿಂದ ಫಲಕ ನಿಮಿಷಕ್ಕೆ 60ರ ಹತ್ತಿರ ಬಡಿಯುತ್ತದೆ, ನೋಡುವವರಿಗೆ ಹಿತ. 256 ಎಲ್‌ಇಡಿಗೆ ಡೇಟಾ ತಳ್ಳಲು 7.7 ಮಿಲಿಸೆಕೆಂಡ್ ಹೋಗುತ್ತದೆ, ಚಿತ್ರಕ್ಕೆ ಸಿಗುವುದು 25. ಹೀಗಾಗಿ ಲೆಕ್ಕಕ್ಕೆ ಸಮಯ ಬೇಕಾದಷ್ಟಿದೆ, ದಶಮಾಂಶಗಳನ್ನು ಸರಿಯಾಗಿ ಬರೆದಿದ್ದರೆ. ಇಎಸ್‌ಪಿ32ರ ಯಂತ್ರಾಂಶಕ್ಕೆ ಬರುವುದು ‘ಫ್ಲೋಟ್’ (32 ಬಿಟ್ ದಶಮಾಂಶ) ಲೆಕ್ಕ ಮಾತ್ರ, ‘ಡಬಲ್’ (64 ಬಿಟ್) ಬಂದರೆ ಸಾಫ್ಟ್‌ವೇರ್‌ನಲ್ಲಿ ತೆವಳುತ್ತದೆ. 0.08 ಎಂದು ಬರೆದು ಕೊನೆಗೆ ‘ಎಫ್’ ಅಕ್ಷರ ಹಾಕದಿದ್ದರೆ ಕಂಪೈಲರ್ ಅದನ್ನು ಡಬಲ್ ಅಂದುಕೊಳ್ಳುತ್ತದೆ, ಚಿತ್ರ ತಡವರಿಸುತ್ತದೆ. 3ರಿಂದ ಭಾಗಿಸುವ ಬದಲು 0.33333ರಿಂದ ಗುಣಿಸಿ.

ಕೊ ಎಷ್ಟರವರೆಗೆ ಏರಬಹುದು ಎಂಬುದಕ್ಕೆ ಗಣಿತದ್ದೇ ಒಂದು ಮಿತಿ ಇದೆ: ಕೊ × ಹೆಜ್ಜೆ 0.25 ದಾಟಬಾರದು. 0.05ರ ಹೆಜ್ಜೆಗೆ ಮಿತಿ 5. ಅದರ ಹತ್ತಿರ ಹೋದರೆ ಒಂದು ಬಿಟ್ಟು ಒಂದು ಕೋಶ ವಿರುದ್ಧ ಚಿಹ್ನೆಗೆ ಜಿಗಿಯತೊಡಗುತ್ತದೆ. ಅದನ್ನು ಹೃದಯದ ಫೈಬ್ರಿಲೇಶನ್ (ಲಯ ತಪ್ಪಿ ಅದುರುವುದು) ಎಂದು ವಿವರಿಸುತ್ತ ಕೂರಬೇಡಿ. ಕೂಡುವ ಕಳೆಯುವ ಲೆಕ್ಕ ಕೆಟ್ಟಿರುವುದಷ್ಟೇ. ಕೊ ಬದಲಿಸುವ ಮೊದಲ ಪೊಟೆನ್ಶಿಯೋಮೀಟರನ್ನು 0ಯಿಂದ 4ರವರೆಗೆ ಹೊಂದಿಸಿ, 16 ಸಲ ಓದಿ ಸರಾಸರಿ ತೆಗೆಯಿರಿ.

ಅಂಚಿನ ಕೋಶಕ್ಕೆ ನೆರೆಯವರಿಲ್ಲದ ಕಡೆ ಅದರ ಸ್ವಂತ ವ ಬೆಲೆಯನ್ನೇ ನೆರೆಯದೆಂದು ಹಿಡಿಯಿರಿ. ಆಗ ಅಂಚಿನಿಂದಾಚೆ ಪ್ರವಾಹ ಸೋರುವುದಿಲ್ಲ. ಬದಲಿಗೆ ಎಡದಂಚನ್ನು ಬಲದಂಚಿಗೆ ಸುತ್ತಿಸಿದರೆ ಹೊರಟ ಅಲೆ ಹಿಂದಿನಿಂದ ಬಂದು ಮುತ್ತುತ್ತದೆ. ಹಳೆಯ ಬೆಲೆಗಳಿಗೂ ಹೊಸವಕ್ಕೂ ಬೇರೆಬೇರೆ ಸಾಲುಪಟ್ಟಿ ಇರಲಿ.

ಐದು ಜೋಡಣೆ

64 ಪೇಸ್‌ಮೇಕರ್ ಕೋಶ, ಅಂದರೆ 256ರಲ್ಲಿ ಕಾಲು ಭಾಗ. ಮೊದಲ ಗುಂಡಿ ಒತ್ತಿದಂತೆ ಜೋಡಣೆ ಬದಲಾಗಲಿ: (ಅ) ಚದುರಿದ್ದು: ಸಮಸಂಖ್ಯೆಯ ಸಾಲು ಮತ್ತು ಕಂಬ ಕೂಡುವಲ್ಲೆಲ್ಲ ಒಂದೊಂದು, (ಆ) ನಡುವೆ ಅಡ್ಡಡ್ಡ 4×16 ಪಟ್ಟಿ, (ಇ) ನಡುವೆ 8×8 ಚೌಕ, (ಈ) ಮೇಲಂಚಿಗೆ ಅಂಟಿದ 4×16 ಪಟ್ಟಿ, (ಉ) ಮೂಲೆಯಲ್ಲಿ 8×8 ಚೌಕ. ಎರಡನೆಯ ಗುಂಡಿ ಎಲ್ಲವನ್ನೂ ಮೊದಲಿಗೆ ತರಲಿ: ಎಲ್ಲ ಕೋಶ ವಿಶ್ರಾಂತ ಬೆಲೆಯಲ್ಲಿ, ಮೇಲೆ ±0.1 ಗದ್ದಲ.

ಪೇಸ್‌ಮೇಕರ್ ಕೋಶದಿಂದ ಸ್ನಾಯುಕೋಶಕ್ಕೆ ಹೋಗುವ ಕೊಂಡಿಗಳನ್ನು ಎಣಿಸಿ: ಚದುರಿದ್ದರಲ್ಲಿ 240, ನಡುಪಟ್ಟಿಯಲ್ಲಿ 32, ನಡುಚೌಕದಲ್ಲಿ 32, ಅಂಚುಪಟ್ಟಿಯಲ್ಲಿ 16, ಮೂಲೆಚೌಕದಲ್ಲಿ 16. ಇವೆಲ್ಲ ಸೋರುವ ಜಾಗಗಳು.

ಕೊ ಸೊನ್ನೆಯಲ್ಲಿ ಜೋಡಣೆಗೆ ಅರ್ಥವಿಲ್ಲ, 64 ಕೋಶಗಳೂ ತಮ್ಮಷ್ಟಕ್ಕೆ ಬಡಿಯುತ್ತವೆ. ಚದುರಿದ ಜೋಡಣೆಯಲ್ಲಿ 0.05ರಂತೆ ಏರಿಸುತ್ತ ಹೋಗಿ. 1 ಮುಟ್ಟುವುದರೊಳಗೆ ಫಲಕ ಪೂರ್ತಿ ಮೌನ. ಕಾರಣ ಕಾಗದದ ಮೇಲೇ ಸಿಗುತ್ತದೆ. ಕೊಂಡಿ ಬಲವಾದಾಗ ನೆರೆಹೊರೆಯ ಕೋಶಗಳೆಲ್ಲ ಬಹುತೇಕ ಒಂದೇ ವೋಲ್ಟೇಜಿಗೆ ಬರುತ್ತವೆ, ಆಗ ಎಲ್ಲರಿಗೂ ಸಿಗುವುದು ಪ್ರ ಬೆಲೆಯ ಸರಾಸರಿ: 0.8ರ ಕಾಲು ಭಾಗ, 0.2. ಬೇಕಿದ್ದದ್ದು 0.33. ಹೀಗೆ ಚದುರಿಸಿಯೇ ಬಡಿಸಬೇಕೆಂದರೆ 41 ಶೇಕಡಾ, ಅಂದರೆ ಸುಮಾರು 106 ಪೇಸ್‌ಮೇಕರ್ ಕೋಶ ಬೇಕು.

ಅದೇ ಕೊ = 1ರಲ್ಲಿ ನಡುಚೌಕಕ್ಕೆ ಬದಲಾಯಿಸಿ. ಬಡಿತ ಶುರುವಾಗುತ್ತದೆ, ಏಕಮಾನಕ್ಕೆ ಒಂದು ಕೋಶಕ್ಕಿಂತ ತುಸು ಕಡಿಮೆ ವೇಗದಲ್ಲಿ ಅಲೆ ಹೊರಡುತ್ತದೆ. ಬಚ್ಚಲೊಲೆಯ ಕೆಂಡ ಒಟ್ಟುಮಾಡಿದರೆ ಉರಿಯುತ್ತದೆ, ಕೆದರಿದರೆ ಆರುತ್ತದೆ, ಇಲ್ಲೂ ಅಷ್ಟೇ. ನೆರೆಯ ಎಳೆತ ಚೌಕದ ಒಳಗೆ ಎಷ್ಟು ದೂರ ತಲುಪುತ್ತದೆ ಎಂಬುದು ಕೊ ಬೆಲೆಯ ವರ್ಗಮೂಲಕ್ಕೆ ತಕ್ಕಂತೆ ಹಿಗ್ಗುತ್ತದೆ. ಕೊ = 1ರಲ್ಲಿ ಆ ದೂರ ಒಂದು ಕೋಶದ ಆಸುಪಾಸು, ಚೌಕದ ನಡುವಿನವರು ಅಂಚಿನಿಂದ ನಾಲ್ಕು ಕೋಶ ಒಳಗಿದ್ದಾರೆ, ಅವರಿಗೆ ತಟ್ಟುವುದಿಲ್ಲ. ಕೊಂಡಿಯ ಬಲ ನಾಲ್ಕು ಪಟ್ಟಾದರೆ ಬಡಿಯಬಲ್ಲ ಅತಿ ಚಿಕ್ಕ ಚೌಕದ ಬದಿ ಎರಡು ಪಟ್ಟು ಬೇಕು. ಚೌಕವನ್ನು 7, 6, 5 ಎಂದು ಕುಗ್ಗಿಸುತ್ತ ಕೊ = 0.5 ಮತ್ತು ಕೊ = 2ರಲ್ಲಿ ಈ ನಿಯಮವನ್ನು ಅಳೆದು ನೋಡಬಹುದು. ವಿದ್ಯಾರ್ಥಿಗಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಈ ಪೆಟ್ಟಿಗೆಯಲ್ಲಿಲ್ಲ.

ನಡುಪಟ್ಟಿಗೂ ನಡುಚೌಕಕ್ಕೂ ಸೋರುವ ಕೊಂಡಿ 32, ಆದರೂ ಪಟ್ಟಿ ಮೊದಲು ಸೋಲುತ್ತದೆ. ಪಟ್ಟಿಯ ನಡುಗೆರೆ ಅಂಚಿನಿಂದ ಎರಡೇ ಕೋಶ ದೂರ. ಎರಡನೆಯ ಪೊಟೆನ್ಶಿಯೋಮೀಟರಿನಿಂದ ಪೇಸ್‌ಮೇಕರ್‌ನ ಪ್ರ ಬೆಲೆಯನ್ನು 0.5ಕ್ಕೆ ಇಳಿಸಿ ಕೊ ಏರಿಸುತ್ತ ಹೋದರೆ ಸೋಲುವ ಕ್ರಮ ಎದ್ದು ಕಾಣುತ್ತದೆ: ಚದುರಿದ್ದು, ನಡುಪಟ್ಟಿ, ನಡುಚೌಕ, ಅಂಚುಪಟ್ಟಿ, ಮೂಲೆಚೌಕ ಎಲ್ಲರಿಗಿಂತ ಕೊನೆಗೆ.

ಮೂಲೆಯ ಮಹಿಮೆ ಸ್ವಲ್ಪ ನಿಂತು ನೋಡುವಂಥದ್ದು. ಸೋರದ ಅಂಚು ಕನ್ನಡಿಯ ಕೆಲಸ ಮಾಡುತ್ತದೆ. ಮೂಲೆಯಲ್ಲಿ ಬರೀ 4×4, ಅಂದರೆ 16 ಕೋಶ ಇಟ್ಟರೆ, ಅದು 32×32 ಫಲಕದ ನಡುವೆ ಇಟ್ಟ 8×8 ಚೌಕದಂತೆಯೇ ವರ್ತಿಸುತ್ತದೆ. ಕಾಲು ಭಾಗ ಕೋಶಗಳಲ್ಲಿ ಅಷ್ಟೇ ಕೆಲಸ. ನಿಜವಾದ ನೋಡ್ ಕೂಡ ಸುತ್ತಲೂ ಬಯಲಿಗೆ ತೆರೆದುಕೊಂಡಿಲ್ಲ. ಮನುಷ್ಯರಲ್ಲಿ ಅದನ್ನು ಬಹುಪಾಲು ಸಂಯೋಜಕ ಅಂಗಾಂಶ, ಕೊಬ್ಬು, ರಕ್ತನಾಳ ಹೃತ್ಕರ್ಣದಿಂದ ಬೇರ್ಪಡಿಸಿವೆ, ಪ್ರವಾಹ ಹೊರಬರುವುದು ಕೆಲವೇ ದಾರಿಗಳಲ್ಲಿ. ನೋಡ್‌ನ ನಡುಭಾಗದಲ್ಲಿ ಕೊಂಡಿಗಳೂ ದುರ್ಬಲ: ಹೃತ್ಕರ್ಣದ ತುಂಬ ಇರುವ ಕನೆಕ್ಸಿನ್ 43 ಪ್ರೋಟೀನು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚಾಗಿರುವುದು ಕಡಿಮೆ ಹಾಯಿಸುವ ಕನೆಕ್ಸಿನ್ 45. ಸ್ನಾಯುಕೋಶವನ್ನು ಕೆಳಗೆ ಹಿಡಿದಿಡುವ ಪೊಟ್ಯಾಸಿಯಂ ಪ್ರವಾಹವನ್ನು ತಗ್ಗಿಸಿದರೆ ಕುಹರದ (ಹೃದಯದ ಕೆಳಕೋಣೆಯ) ಕೋಶವೂ ತಾನೇ ಬಡಿಯುತ್ತದೆಂದು 2002ರಲ್ಲಿ ಗಿನಿಪಿಗ್‌ಗಳಲ್ಲಿ ತೋರಿಸಲಾಯಿತು. ಜೈವಿಕ ಪೇಸ್‌ಮೇಕರ್ ಮಾಡಲು ಹೊರಟವರಿಗೆ ಕೋಶ ತಯಾರಾದ ಮೇಲೂ ಉಳಿಯುವ ಪ್ರಶ್ನೆ ಈ ಫಲಕದ್ದೇ: ಎಲ್ಲಿ, ಎಷ್ಟು ಒತ್ತಾಗಿ, ಯಾವುದರ ಮರೆಯಲ್ಲಿ ಇಡಬೇಕು.

ಬಡಿತ ಎಣಿಸುವುದು

ಎರಡು ಕೋಶಗಳಲ್ಲಿ ಎಣಿಸಿ: ಒಂದು ಗುಂಪಿನ ನಡುವೆ, ಇನ್ನೊಂದು ದೂರದ ಮೂಲೆಯಲ್ಲಿ. ವ ಬೆಲೆ +0.5 ದಾಟಿದಾಗ ಒಂದು ಬಡಿತ, −0.5ಕ್ಕಿಂತ ಕೆಳಗಿಳಿದ ಮೇಲಷ್ಟೇ ಮುಂದಿನದಕ್ಕೆ ಅವಕಾಶ. ಒಂದೇ ಗಡಿ ಇಟ್ಟರೆ ಗಡಿಯ ಬಳಿ ತೂಗಾಡುವ ಕೋಶವನ್ನು ಎರಡೆರಡು ಸಲ ಎಣಿಸುತ್ತದೆ. ಬಜರನ್ನು ದೂರದ ಕೋಶಕ್ಕೆ ಕಟ್ಟಿ. ರೀಸೆಟ್ ಆದ ಮೊದಲ 200 ಏಕಮಾನ, ಅಂದರೆ 5 ಸೆಕೆಂಡ್, ಎಣಿಕೆಗೆ ಬೇಡ: ಮೌನವಾಗಲಿರುವ ಜೋಡಣೆಯೂ ಶುರುವಿನಲ್ಲಿ ಒಮ್ಮೆ ಮಿಂಚಬಹುದು.

ಒಳಗಿನ ಎಣಿಕೆ ಓಡುತ್ತಿದ್ದು ಹೊರಗಿನದು ನಿಂತಿದ್ದರೆ ಕೊ ತೀರಾ ಕಡಿಮೆಯಾಗಿದೆ. ಗುಂಪು ಬಡಿಯುತ್ತಿದೆ, ಅಲೆ ಹೊರಡುತ್ತಿಲ್ಲ. ವೈದ್ಯರು ಎಕ್ಸಿಟ್ ಬ್ಲಾಕ್ ಎನ್ನುವುದು ಇದನ್ನೇ. ಹೊರಗಿನದು ಸರಿಯಾಗಿ ಅರ್ಧವಾಗಿದ್ದರೆ ಸ್ನಾಯುಕೋಶಗಳು ಚೇತರಿಸಿಕೊಳ್ಳುವ ಮುನ್ನವೇ ಮುಂದಿನ ಅಲೆ ಬರುತ್ತಿದೆ.

ಕೊಂಡಿಗೊಂದು ಬೆಲೆ

ಮುಂದಿನ ಹಂತಕ್ಕೆ ಕೊ ಎಂಬ ಒಂದೇ ಸಂಖ್ಯೆ ಸಾಲದು. ಬೆಲೆಯನ್ನು ಕೋಶಕ್ಕೆ ಕಟ್ಟದೆ ಕೊಂಡಿಗೆ ಕಟ್ಟಿ: ಅಡ್ಡ ಕೊಂಡಿ 16×15, ಉದ್ದ ಕೊಂಡಿ 15×16, ಒಟ್ಟು 480. ಕೋಶಕ್ಕೆ ಕಟ್ಟಿದರೆ ಒಂದು ಬದಿಯಿಂದ ಹೊರಟ ಪ್ರವಾಹ ಇನ್ನೊಂದು ಬದಿಗೆ ಅಷ್ಟೇ ತಲುಪುವುದಿಲ್ಲ, ಎಲ್ಲಿಂದಲೋ ಹುಟ್ಟಿ ಎಲ್ಲೋ ಮಾಯವಾಗುತ್ತದೆ. ಬಂದ ಫಲಿತಾಂಶ ಚೆಂದ ಕಂಡರೂ ಸುಳ್ಳು.

ಈಗ ಚೌಕದ ಒಳಗೆ 0.3, ಹೊರಗೆ 1.5 ಇಟ್ಟು, ಅಂಚಿನ ಎರಡು ಸಾಲುಗಳಲ್ಲಿ ಹಂತಹಂತವಾಗಿ ಏರಿಸಿ. ಒಳಗಿನವರು ಮರೆಯಲ್ಲಿರುತ್ತಾರೆ, ಅಲೆಗೂ ಹೊರಡಲು ದಾರಿ ಇರುತ್ತದೆ. ಇನ್ನೊಂದು ವಿನ್ಯಾಸ: 32 ಗಡಿ ಕೊಂಡಿಗಳನ್ನೂ ಸೊನ್ನೆ ಮಾಡಿ ಚೌಕವನ್ನು ಪೂರ್ತಿ ಮುಚ್ಚಿ, ಒಂದು ಬದಿಯ ನಡುವೆ ಮಾತ್ರ ಬಾಗಿಲು ಬಿಡಿ. ಒಂದೇ ಕೊಂಡಿಯ ಬಾಗಿಲಾದರೆ ಹೊರಗೆ ಕಾಲಿಟ್ಟ ಅಲೆ ಸುತ್ತಲಿನ ಕೋಶಗಳನ್ನೆಲ್ಲ ಒಟ್ಟಿಗೆ ಎಬ್ಬಿಸಬೇಕು, ಹೊರಗಿನ ಕೊ ಹೆಚ್ಚಿದ್ದರೆ ಅಲ್ಲೇ ಸಾಯುವ ಸಂಭವವಿದೆ. ಬಾಗಿಲನ್ನು ಎರಡು, ಮೂರು, ನಾಲ್ಕು ಕೊಂಡಿಗೆ ಅಗಲಿಸಿ, ಪ್ರತಿ ಅಗಲಕ್ಕೂ ಹೊರಗಿನ ಕೊ ಎಷ್ಟಾದಾಗ ಬಜರ್ ನಿಲ್ಲುತ್ತದೆಂದು ಬರೆದುಕೊಳ್ಳಿ. ಬಾಗಿಲು ಮೂಲೆಗೆ ಅಂಟಿಕೊಂಡ ಹಾಗೆ ಬಿಡಬೇಡಿ, ಕರ್ಣದ ದಿಕ್ಕಿನಲ್ಲಿ ಕೊಂಡಿ ಇಲ್ಲದ ಕಾರಣ ಅಲ್ಲಿನ ಅಳತೆ ನಡುಬಾಗಿಲಿನ ಅಳತೆಗೆ ತಾಳೆಯಾಗುವುದಿಲ್ಲ.